ಆರೋಗ್ಯದ ಗೆರೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಹಸಿವು ತಡೆದುಕೊಂಡು ಕುಳಿತಿರುವ ಸಭಿಕರೇ,

ಇಷ್ಟು ಹೊಗಳಿಕೆ ಕೇಳಿದ ಮೇಲೆ, ಹೊಗಳಿಸಿಕೊಂಡವನು ನಾನೇನಾ ಎಂಬ ಅನುಮಾನ ನನಗೇ ಬಂದಿದೆ. ನಾನು ಮಾಡಿದ್ದಿಷ್ಟೇ. ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣಗಳಿವೆ. ಅತಿನೇರಳೆ ದೀಪದಡಿ ಅವು ನೀಲಿಯಾಗಿ ಹೊಳೆಯುತ್ತವೆ. ಮೂತ್ರಪಿಂಡ ಸೋಲತೊಡಗಿದಾಗ ರಕ್ತದಲ್ಲಿ ಒಂದು ಪ್ರೋಟೀನು ಏರುತ್ತದೆ. ಅದು ತಗುಲಿದರೆ ಕಣಗಳ ಹೊಳಪು ಮಂಕಾಗುತ್ತದೆ. ಆ ಹೊಳಪನ್ನು ಅಳೆಯುವ ಪುಟ್ಟ ಯಂತ್ರ ನಮ್ಮದು; ಒಂದು ಹನಿ ರಕ್ತ ಸಾಕು, ಐದು ನಿಮಿಷ ಸಾಕು.

ಆದರೆ ಯಾವುದಕ್ಕೆ ಹೋಲಿಸಿ ಮಂಕು ಎನ್ನುವುದು? ಅದಕ್ಕೆ ಆರೋಗ್ಯವಂತರ ರಕ್ತ ಬೇಕು. ನಮ್ಮ ಪ್ರಯೋಗಾಲಯದಲ್ಲೊಂದು ರೂಢಿಯಿತ್ತು: ದೂರ ಹೋಗುವುದಿಲ್ಲ, ಹತ್ತಿರದವರ ತೋಳು ಹಿಡಿಯುತ್ತೇವೆ. ನಾನು ಹಿಡಿದದ್ದು ಅಕ್ಕನ ತೋಳು. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನೇಳು. ಅಂದಿನಿಂದ ನನ್ನನ್ನು ಸಾಕಿದವಳು. ಒಂದು ದಿನ ಜ್ವರವೆಂದು ಮಲಗಿದ್ದನ್ನು ನಾನು ಕಂಡಿಲ್ಲ. ಇವಳಿಗಿಂತ ಆರೋಗ್ಯವಂತರು ಬೇಕೇ?

"ಚಿಕ್ಕೋನಿದ್ದಾಗಿಂದ ನನ್ನ ರಕ್ತ ಹೀರಿದ್ದು ಸಾಲ್ದಾ ನಿಂಗೆ?" ಎನ್ನುತ್ತಲೇ ತೋಳು ಚಾಚಿದಳು.

ಹೊಳಪು ಮಂಕಾಯಿತು. ದೀಪ ಹಳೆಯದೆಂದೆವು; ಬದಲಿಸಿದೆವು. ಕಣಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದೆವು, ಹೊಸದಾಗಿ ತಯಾರಿಸಿದೆವು. ಮತ್ತೆ ರಕ್ತ ಕೇಳಿದೆ, ಮತ್ತೆ ಕೊಟ್ಟಳು, ಮತ್ತೆ ಮಂಕು. ಸರಿ, ಆರೋಗ್ಯವೆಂದರೆ ಇಷ್ಟೇ ಹೊಳಪು ಎಂದು ಗೆರೆ ಎಳೆದುಬಿಟ್ಟೆ. ಆಮೇಲೆ ಪರೀಕ್ಷಿಸಿದವರಲ್ಲಿ ಮುಕ್ಕಾಲು ಪಾಲು ಜನ ಅಕ್ಕನಿಗಿಂತ ಆರೋಗ್ಯವಂತರೆಂದು ಯಂತ್ರ ಹೇಳಿತು. ನಕ್ಕೆವು. ಹೌದು ಸ್ವಾಮಿ, ನಕ್ಕೆವು, ಚಹಾ ಕುಡಿದೆವು, ಯಂತ್ರವನ್ನು ಬೈದೆವು.

ಎಂಟು ತಿಂಗಳಿಗೆ ಅಕ್ಕನ ಕಾಲು ಊದಿಕೊಂಡಿತು. ಎರಡೂ ಮೂತ್ರಪಿಂಡ ಹೋಗಿವೆ ಎಂದರು ಆಸ್ಪತ್ರೆಯವರು. ಮರುದಿನ ನಾನು ಪ್ರಯೋಗಾಲಯಕ್ಕೆ ಹೋಗಿ ಗೆರೆಯನ್ನು ಮೇಲಕ್ಕೆ ಸರಿಸಿದೆ. ಎಲ್ಲ ಫಲಿತಾಂಶಗಳೂ ಸರಿಹೋದವು. ನೀವು ಇಂದು ಮೆಚ್ಚಿಕೊಂಡ ನಿಖರತೆ ಅದೇ.

ಅಕ್ಕ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾಳೆ. ಅಲ್ಲಿನ ನರ್ಸ್‌ಗಳಿಗೆಲ್ಲ, "ನನ್ನ ರಕ್ತ ಇಟ್ಕೊಂಡೇ ನನ್ನ ತಮ್ಮ ಆ ಯಂತ್ರ ಮಾಡಿದ್ದು" ಎನ್ನುತ್ತಾಳೆ. ನಾನು ತಿದ್ದಿಲ್ಲ. ಎಂಟು ತಿಂಗಳು ಮೊದಲೇ ತಿಳಿದಿದ್ದರೆ ಔಷಧದಲ್ಲೇ ಹಿಡಿದಿಡಬಹುದಿತ್ತು ಎಂದು ವೈದ್ಯರು ನನ್ನೊಬ್ಬನಿಗೇ ಹೇಳಿದ್ದರು. ಅದನ್ನೂ ಅವಳಿಗೆ ಹೇಳಿಲ್ಲ. ಎರಡು ವರ್ಷ ಎದುರುಬದುರು ಕುಳಿತು ಊಟ ಮಾಡಿಯೂ ಹೇಳಲು ಬಾಯಿ ಬರಲಿಲ್ಲ. ಇಂದು ಮುನ್ನೂರು ಜನರೆದುರು ಬಂತು. ಇದನ್ನು ಧೈರ್ಯ ಎನ್ನಬೇಡಿ. ಇಲ್ಲಿ ಅವಳು ನನ್ನನ್ನು ತಿರುಗಿ ಏನೂ ಕೇಳುವಂತಿಲ್ಲ.

ಅಕ್ಕಾ, ಯಂತ್ರ ಮೊದಲ ದಿನವೇ ನಿಜ ಹೇಳಿತ್ತು. ಕೇಳದವನು ನಾನು.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ನಾನು ಕೃತಜ್ಞ. ಮುಂದಿನ ಸಾಲಿನಲ್ಲಿ, ಅಕ್ಕನ ಪಕ್ಕದಲ್ಲಿ ನನ್ನ ಕುರ್ಚಿಯಿದೆ. ಅದರ ಮೇಲೆ ಅವಳು ಈಗಷ್ಟೇ ತನ್ನ ಕೈಚೀಲ ಇಟ್ಟಳು. ಆದರೂ ಇಳಿದು ಅಲ್ಲಿಗೇ ಹೋಗುತ್ತೇನೆ. ನಮಸ್ಕಾರ.