ಜೇನುಗಾರನ ಗಾಡಿಯ ಮೆಟ್ಟಿಲು

ಆ ದೀಪ ಸ್ವಲ್ಪ ಸಣ್ಣದು ಮಾಡಿ... ಹಾಂ, ಅಷ್ಟು ಸಾಕು. ಈಗ ಕೇಳಿ. ಇದು ಯಾರೋ ಹೇಳಿ ಯಾರೋ ಕೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ಕನ್ನಡಕದಂಗಡಿ ಇಟ್ಟಿದ್ದಾನಲ್ಲ, ಮನೆಮಂದಿಯೆಲ್ಲ ‘ಕನ್ನಡಕ’ ಅಂತಲೇ ಕರೆಯುವುದು, ಅವನಿಗೆ.

ಆವತ್ತು ಅಂಗಡಿ ಮುಚ್ಚುವಾಗಲೇ ತಡವಾಗಿತ್ತು. ಪಿಕಪ್ ಗಾಡಿಯನ್ನು ಪಾಳುಬಾವಿಯ ಪಕ್ಕದ ಬಯಲಿನಲ್ಲಿ ನಿಲ್ಲಿಸಿ, ಬೀಗ ಹಾಕಿ, ಮನೆ ಕಡೆ ಹೊರಟ. ಮನೆಯಿರುವ ಓಣಿ ಇಕ್ಕಟ್ಟು. ಹೊಸದಾಗಿ ಹಾಕಿಸಿದ ದಪ್ಪ ಟೈರುಗಳ ಸಮೇತ ಆ ಗಾಡಿ ಒಳಗೆ ನುಗ್ಗುತ್ತಿರಲಿಲ್ಲ. ಬೀದಿದೀಪ ಒಂದೇ, ಅದೂ ದೂರದಲ್ಲಿ, ಓಣಿಯ ಬಾಯಲ್ಲಿ. ಬಾವಿಯಲ್ಲಿ ನೀರು ಸೇದುವವರು ಯಾರೂ ಇಲ್ಲ. ಕಟ್ಟೆ ದಾಟಿದ್ದಾನೆ, ಅಷ್ಟೇ... ಹಿಂದಿನಿಂದ ಸದ್ದು.

ಸರ್ರ್... ಟಪ್.

ನಿಂತ. ಗಾಳಿಯಿಲ್ಲ, ನಾಯಿಯಿಲ್ಲ.

ಸರ್ರ್... ಟಪ್.

ಚಪ್ಪಲಿಯ ಅಟ್ಟೆ ತಗಡಿನ ಮೇಲೆ ಜಾರಿ ಕಾಲು ನೆಲಕ್ಕೆ ಬೀಳುವ ಸದ್ದು. ಆಮೇಲೆ ಅಂಗೈಯಿಂದ ಬಾಗಿಲು ತಡವುವ ಸದ್ದು... ತಟ್, ತಟ್, ತಟ್... ಕತ್ತಲಲ್ಲಿ ಸ್ವಿಚ್ಚು ಹುಡುಕುತ್ತೇವಲ್ಲ, ಹಾಗೆ.

ತಿರುಗಿ ನೋಡಿದ. ಗಾಡಿಯ ಎಡಗಡೆ, ಹಿಂದಿನ ಬಾಗಿಲ ಹತ್ತಿರ ಒಬ್ಬ ಹೆಂಗಸು. ಇವನಿಗೆ ಬೆನ್ನು ಮಾಡಿದ್ದಾಳೆ. ತಲೆಯ ಮೇಲೆ ಶಾಲು. ಕಾಲು ಎತ್ತುತ್ತಾಳೆ, ಬಾಗಿಲ ಅಂಚಿಗೆ ತಾಗಿಸುತ್ತಾಳೆ, ಜಾರುತ್ತದೆ. ಮತ್ತೆ ಎತ್ತುತ್ತಾಳೆ...

ಇವನು ಹೆದರಲಿಲ್ಲ ಕಣ್ರೀ, ಅದೇ ವಿಚಿತ್ರ! ನೀವೋ ನಾನೋ ಆಗಿದ್ದರೆ ಚಪ್ಪಲಿ ಅಲ್ಲೇ ಬಿಟ್ಟು ಓಡುತ್ತಿದ್ದೆವು. ಇವನಿಗೆ ಬಂದದ್ದು ನಾಚಿಕೆ. ಕಿವಿಯ ತುದಿಯವರೆಗೂ ಸುಡುವಂಥ ನಾಚಿಕೆ. ಯಾಕೆಂದರೆ ಅದು ಯಾರೆಂದು ತನಗೆ ಗೊತ್ತು ಅಂದುಕೊಂಡ.

ಅಕ್ಕ.

ತಾಳಿ, ಗಾಡಿಯ ವಿಷಯ ಹೇಳದಿದ್ದರೆ ಇದರ ತಲೆಬುಡ ನಿಮಗೆ ಗೊತ್ತಾಗುವುದಿಲ್ಲ. ಈ ಅಕ್ಕ ಅವನ ಸ್ವಂತ ಅಕ್ಕ. ಅವರಮ್ಮ ತೀರಿಕೊಂಡಾಗ ಇವನಿನ್ನೂ ಅಂಬೆಗಾಲಿಡುತ್ತಿದ್ದ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅದೂ ಹೇಗೆ? ಎಡಗಾಲು ಹುಟ್ಟಿನಿಂದ ಗಿಡ್ಡ, ಬಲವಿಲ್ಲ. ಮದುವೆಯಾಗಲಿಲ್ಲ, ತಮ್ಮನ ಮನೆಯಲ್ಲೇ ಇದ್ದಾಳೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು. ಊರಿನ ಅರ್ಧ ಜನ ಅವಳು ಹೊಲಿದದ್ದನ್ನೇ ತೊಡುವುದು.

ಕನ್ನಡಕನಿಗೆ ಇದ್ದಕ್ಕಿದ್ದಂತೆ ಕಾಡುಮೇಡಿನ ಹುಚ್ಚು ಹಿಡಿಯಿತು. ಭಾನುವಾರ ಬಂದರೆ ಕೆರೆ ದಂಡೆ, ಡೇರೆ, ಗಾಳ, ಒಲೆ. ಅದಕ್ಕೊಂದು ಪಿಕಪ್ ಬೇಕು. ಮೊದಲು ನೋಡಿದ್ದು ಮುಂದೆ ಮಾತ್ರ ಸೀಟಿರುವ ಗಾಡಿ, ಹಿಂದೆ ಉದ್ದನೆಯ ಡಬ್ಬ. ಹೆಂಡತಿ ಬಿಡಲಿಲ್ಲ.

“ಏನ್ರೀ, ಇಟ್ಟಿಗೆ ವ್ಯಾಪಾರಕ್ಕಿಳಿದ್ರಾ? ಮಗಳನ್ನೂ ಅಕ್ಕನ್ನೂ ಹಿಂದೆ ಮೂಟೆ ಥರ ಹೊತ್ತಾಕ್ಕೊಂಡು ಹೋಗೋದಾ?”

ಕೊನೆಗೆ ಎರಡು ಸಾಲು ಸೀಟಿನದು ಸಿಕ್ಕಿತು. ಹಳೆಯ ಗಾಡಿ, ಆದರೆ ಎಂಜಿನ್ ಗಡಿಯಾರದ ಹಾಗಿತ್ತು. ಜೇನು ಸಾಕುವ ಒಬ್ಬರದು. ಪೆಟ್ಟಿಗೆಗಳನ್ನು ತೋಟದಿಂದ ತೋಟಕ್ಕೆ ಸಾಗಿಸುತ್ತಿದ್ದರಂತೆ. ಎಡಗಡೆ ಹಿಂಬಾಗಿಲ ಕೆಳಗೆ ಒಂದು ಕಬ್ಬಿಣದ ಮೆಟ್ಟಿಲು, ಮೇಲೆ ರಬ್ಬರು ಹೊದಿಕೆ, ಅದಕ್ಕೇ ಬೆಸೆದ ಒಂದು ಹಿಡಿಸರಳು. ಕೀಲಿ ಕೈಗಿಡುವಾಗ ಜೇನುಗಾರ ಹೇಳಿದ್ದು ಒಂದೇ ಮಾತು:

“ಏನ್ ಬೇಕಾದ್ರೂ ಬದಲಾಯಿಸ್ಕೊಳ್ಳಿ. ಆ ಮೆಟ್ಟಿಲು ಮಾತ್ರ ಇರ್ಲಿ.”

“ಆಯ್ತು ಬಿಡಿ,” ಅಂದ ಇವನು. ಅಕ್ಕನೂ ಆ ಮೆಟ್ಟಿಲ ಮೇಲೆ ಕಾಲಿಟ್ಟು, ಸರಳು ಹಿಡಿದು, ಸಲೀಸಾಗಿ ಹತ್ತಿ ಕೂತು, “ನೋಡೋ, ನಂಗೇ ಮಾಡಿಸ್ದಂಗಿದೆ!” ಎಂದು ಕೈ ತಟ್ಟಿದಳು. ಆವತ್ತೇ ಅಳತೆ ತೆಗೆದು ಸೀಟಿನ ಕವರು ಹೊಲಿಯಲು ಕೂತಳು. ದಪ್ಪ ಬಟ್ಟೆ, ಜೋಡಿ ಹೊಲಿಗೆ, ಬೆನ್ನಿಗೆ ನೀರಿನ ಬಾಟಲಿ ಇಡುವ ಜೇಬು. ಹಿಂದಿನ ಡಬ್ಬಕ್ಕೆ ಟಾರ್ಪಾಲನ್ನೂ ಅವಳೇ ಹೊಲಿದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಸೂಜಿ ಮುರಿದ ಹಾಗೆಲ್ಲ ಗಾಡಿಯನ್ನೇ ಬೈಯುತ್ತ.

ಇತ್ತ ಇವನು ಗ್ಯಾರೇಜಿನಲ್ಲಿ. ಗಾಡಿಯನ್ನು ಮೊಣಕಾಲಿಂದ ಸೊಂಟಕ್ಕೆ ಎತ್ತರಿಸಿದ. ದಪ್ಪ ಟೈರು, ನೆತ್ತಿಯ ಮೇಲೆ ದೀಪದ ಸಾಲು. ಮೆಟ್ಟಿಲು ಕಣ್ಣಿಗೆ ಚುಚ್ಚತೊಡಗಿತು.

“ಗಟ್ಟಿಯಾಗಿದೆಯಲ್ಲ ಸಾರ್, ಯಾಕೆ ತೆಗೀಬೇಕು?” ಅಂದ ಮೆಕ್ಯಾನಿಕ್.

“ಕಾಡಿಗೆ ಹೋಗೋ ಗಾಡಿಗೆ ಏಣಿ ತಗುಲಿಸ್ಕೊಂಡ್ರೆ ಆಂಬುಲೆನ್ಸ್ ಅಂತ ನಗ್ತಾರೆ ಕಣಯ್ಯ. ಬಿಚ್ಚು.”

ಅಕ್ಕನಿಗೆ ಏನು ಹೇಳಿದ ಗೊತ್ತೇ? ತುಕ್ಕು ಹಿಡಿದು ಮುರಿದುಹೋಯಿತು ಅಂತ. ಗುಜರಿಗೆ ಹಾಕಿದರೆ ಯಾರಾದರೂ ನೋಡಿ ಬಾಯಿಬಿಟ್ಟಾರೆಂದು ಆ ಪಾಳುಬಾವಿಗೇ ಎಸೆದ. ಧುಡುಂ.

ಮೊದಲ ಭಾನುವಾರ ಬಂತು. ಹೆಂಡತಿಯ ತಮ್ಮ ಸಂಸಾರ ಸಮೇತ ತನ್ನ ಕಾರಿನಲ್ಲಿ ಬಂದಿದ್ದ. ಎಲ್ಲರ ಎದುರಿಗೆ ಅಕ್ಕ ಗಾಡಿ ಹತ್ತಲು ಹೋದಳು. ಕಾಲು ಎಟುಕಲಿಲ್ಲ. ಬಲಗಾಲಿಟ್ಟಳು, ಎಡಗಾಲು ಅವಳನ್ನು ಎತ್ತಲಿಲ್ಲ. ಮತ್ತೆ ನೋಡಿದಳು. ಭಾಮೈದ ಬಾಯಿಗೆ ಬಂದದ್ದನ್ನು ಅಂದೇಬಿಟ್ಟ:

“ಅಕ್ಕಾವ್ರೇ, ಕ್ರೇನ್ ತರಿಸ್ಲಾ?”

ಎಲ್ಲರೂ ನಕ್ಕರು. ಕನ್ನಡಕನೂ ನಕ್ಕ. ಅಕ್ಕನೂ ನಕ್ಕಳು, ಸೆರಗಿನಿಂದ ಹಣೆ ಒರೆಸಿಕೊಂಡು ಹಿಂದೆ ಸರಿದಳು. “ಅಯ್ಯೋ, ಇವತ್ತೇ ಕೊಡಬೇಕಾದ ಅಂಗಿ ಒಂದಿದೆ ಕಣೋ, ಮರ್ತೇಬಿಟ್ಟಿದ್ದೆ. ನೀವು ಹೋಗ್ಬನ್ನಿ.”

ಇವನಿಗೆ ಏನನ್ನಿಸಿತು ಎಂದು ಆಮೇಲೆ ಅವನೇ ಹೇಳಿದ. ಬೇಸರ ಆಗಲಿಲ್ಲವಂತೆ. ಸದ್ಯ, ಗಾಡಿ ಹೊರಟಿತಲ್ಲ ಅನ್ನಿಸಿತಂತೆ. ದಾರಿಯುದ್ದಕ್ಕೂ ಅವಳು ಹೊಲಿದ ಕವರಿನ ಮೇಲೆ ಕೂತು, ಅವಳು ಹೊಲಿದ ಜೇಬಿನಿಂದ ನೀರು ತೆಗೆದು ಕುಡಿದು...

ಇರಲಿ. ಬಯಲಿಗೆ ಬರೋಣ.

ಸರ್ರ್... ಟಪ್. ತಟ್, ತಟ್.

ಯಾರೂ ಇಲ್ಲದ ಹೊತ್ತು ನೋಡಿ, ಯಾರೂ ನಗದ ಹಾಗೆ, ಅಕ್ಕ ಹತ್ತುವುದನ್ನು ಅಭ್ಯಾಸ ಮಾಡಲು ಬಂದಿದ್ದಾಳೆ. ಹೀಗಂದುಕೊಂಡ. ಹತ್ತಿರ ಹೋಗಿ “ಕೈ ಕೊಡಕ್ಕಾ” ಅಂದಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಹೋದರೆ ಅವಳ ಮುಖ ನೋಡಬೇಕಲ್ಲ! ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ಬಾವಿಕಟ್ಟೆಯ ಮರೆಯಲ್ಲಿ ಬಗ್ಗಿ, ಕಳ್ಳನ ಹಾಗೆ, ಹಿಂದಿನ ಓಣಿಯಿಂದ ಸುತ್ತಿ ಮನೆ ಸೇರಿದ. ಬೆನ್ನ ಹಿಂದೆ ಅದೇ ಸದ್ದು ಸಣ್ಣದಾಗುತ್ತ ಬಂತು... ಸರ್ರ್... ಟಪ್.

ಬಾಗಿಲು ತಳ್ಳಿದ.

ಟಕಟಕಟಕಟಕ...

ಅಕ್ಕ ಮೆಷಿನ್ನಿನ ಮುಂದೆ ಕೂತಿದ್ದಾಳೆ. ಮಡಿಲ ತುಂಬ ಬಟ್ಟೆ, ಹಲ್ಲಲ್ಲಿ ದಾರದ ತುದಿ.

“ಬಂದ್ಯಾ? ಊಟ ಮುಚ್ಚಿಟ್ಟಿದೀನಿ. ಚಪ್ಪಲಿ ಯಾಕೋ ಕೈಯಲ್ಲಿ?”

“ಅಕ್ಕಾ... ನೀನು ಹೊರಗೆ...”

“ಈ ಹೊತ್ತಲ್ಲಿ ನಾನೆಲ್ಲಿಗೋ ಹೋಗ್ಲಿ? ಸಂಜೆಯಿಂದ ಎದ್ದಿಲ್ಲ, ಸೊಂಟ ಬಿದ್ದೋಗಿದೆ.”

ಈಗ ಬಂತು ನೋಡಿ ಹೆದರಿಕೆ! ಕೈಯಿಂದ ಚಪ್ಪಲಿ ಜಾರಿ ಬಿತ್ತು. ಆದರೆ ಆ ಹೆದರಿಕೆಯ ಕೆಳಗೆ ನಾಚಿಕೆ ಹಾಗೇ ಇತ್ತು, ಮುಳ್ಳು ಒಳಗೇ ಉಳಿದ ಹಾಗೆ. ದೆವ್ವವೋ ಭ್ರಮೆಯೋ, ಅದು ಬೇರೆ ಮಾತು. ತಾನಂತೂ ಅಕ್ಕನನ್ನೇ ಅಲ್ಲಿ ಬಿಟ್ಟು ಬಂದಿದ್ದ. ಅವಳ ಎದುರು ಕೂತು, ತಟ್ಟೆಯಿಂದ ಕಣ್ಣೆತ್ತದೆ ಉಂಡು ಎದ್ದ.

ಮಾರನೆಯ ದಿನ ಜೇನುಗಾರನಿಗೆ ಫೋನ್ ಮಾಡಿದ.

“ಆ ಮೆಟ್ಟಿಲು... ಯಾರಿಗೆ ಮಾಡಿಸಿದ್ರಿ?”

ಆಚೆ ಕಡೆ ಜೇನುನೊಣದ ಗುಂಯ್ ಸದ್ದು.

“ನನ್ನ ಹೆಂಡ್ತಿಗೆ. ಅವಳ ಸೊಂಟ ಕೆಟ್ಟಿತ್ತು. ಸುತ್ತೋದು ಅಂದ್ರೆ ಪ್ರಾಣ. ಹೋದ್ವರ್ಷ ಹೋಗ್ಬಿಟ್ಲು.”

“ಗಾಡಿ ಮಾರಿದ್ದು...?”

“ಒಬ್ನೇ ಓಡಿಸೋಕೆ ಆಗ್ಲಿಲ್ಲ.” ಅಂದರು. “ಗಾಡಿ ಹತ್ತಿದ್ರೆ ಒಬ್ನೇ ಇದೀನಿ ಅನ್ನಿಸ್ತಿರ್ಲಿಲ್ಲ. ಮೆಟ್ಟಿಲು ಇದೆ ತಾನೇ?”

ಇವನು ಫೋನ್ ಇಟ್ಟುಬಿಟ್ಟ. ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುವವನು ಆವತ್ತು ಗಿರಾಕಿಗಳ ಕಣ್ಣು ತಪ್ಪಿಸುತ್ತ ಕೂತಿದ್ದ.

ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅಕ್ಕನ ಕೋಣೆಗೆ ಹೋಗಿ ನೆಲದ ಮೇಲೆ ಕೂತ. ಎಲ್ಲ ಹೇಳಿದ. ತುಕ್ಕು ಹಿಡಿದಿರಲಿಲ್ಲ ಅಂತ. ಅಂದಕ್ಕೋಸ್ಕರ ಬಿಚ್ಚಿಸಿದೆ ಅಂತ. ಬಾವಿಗೆ ಎಸೆದೆ ಅಂತ. ಬಯಲಲ್ಲಿ ನೋಡಿದ್ದು, ಬಗ್ಗಿಕೊಂಡು ಓಡಿಬಂದದ್ದು, ಜೇನುಗಾರ ತನ್ನ ಹೆಂಡತಿಯ ಬಗ್ಗೆ ಹೇಳಿದ್ದು.

ಮೆಷಿನ್ನು ನಿಂತಿತು. ಅಕ್ಕ ಮೆಟ್ಟಿಲ ಮಾತೆತ್ತಲಿಲ್ಲ. ದೆವ್ವದ ಮಾತೂ ಎತ್ತಲಿಲ್ಲ.

“ನಾನೇ ಅಂದ್ಕೊಂಡ್ಯಾ?” ಪಿಸುಮಾತಿನಲ್ಲಿ ಕೇಳಿದಳು.

“ಹೂಂ.”

“ನಾನೇ ಅಂದ್ಕೊಂಡೂ... ಬಂದ್ಬಿಟ್ಯಾ?”

ಇದಕ್ಕಿಂತ ಅವಳು ಕಪಾಳಕ್ಕೆ ಬಾರಿಸಿದ್ದರೆ ಹಗುರಾಗುತ್ತಿತ್ತು. ಕುರ್ಚಿ ಕಿರ್ ಎಂದಿತು. ಅಕ್ಕ ಎದ್ದು ಶಾಲು ಹೊದ್ದುಕೊಂಡಳು.

“ನಡಿ.”

“ಎಲ್ಲಿಗಕ್ಕಾ?”

“ಪಾಪ, ಒಬ್ಳೇ ನಿಂತಿರ್ತಾಳೆ.”

ಓಣಿ, ಬೀದಿದೀಪ, ಆಮೇಲೆ ಕತ್ತಲು. ಅಕ್ಕ ಕಾಲೆಳೆಯುವ ಸದ್ದು... ಬಾವಿಕಟ್ಟೆ ಹತ್ತಿರ ಬಂದರು. ಯಾರೂ ಕಾಣಲಿಲ್ಲ. ಆದರೆ ಕೇಳಿಸಿತು.

ಸರ್ರ್... ಟಪ್.

ಇವನು ಅಕ್ಕನ ಮೊಣಕೈ ಹಿಡಿದುಕೊಂಡ. ಸಣ್ಣವನಿದ್ದಾಗ ಹಿಡಿಯುತ್ತಿದ್ದನಲ್ಲ, ಹಾಗೆ. ಅಕ್ಕ ಬಿಡಿಸಿಕೊಂಡು ಮುಂದೆ ಹೋದಳು. ಆ ಬಾಗಿಲ ಎದುರು ನಿಂತು, ಪಕ್ಕದ ಮನೆಯವಳ ಜೊತೆ ಮಾತಾಡುವ ಹಾಗೆ ಮೆಲ್ಲಗೆ ಅಂದಳು:

“ಸುಮ್ನೆ ಆಯಾಸ ಮಾಡ್ಕೋಬೇಡಿ. ನನ್ಗೂ ಹತ್ತಕ್ಕಾಗಲ್ಲ. ಅವ್ನು ಸರಿ ಮಾಡ್ತಾನೆ.”

ಸದ್ದು ನಿಂತಿತು. ನಿಂತೇಬಿಟ್ಟಿತು.

ಬೆಳಗಾಯಿತು. ಕನ್ನಡಕ ಅಂಗಡಿ ತೆಗೆಯಲಿಲ್ಲ. ಎಲ್ಲಿಂದಲೋ ಪಾತಾಳಗರಡಿ ತಂದ, ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳ ಗೊಂಚಲು. ಹಗ್ಗ ಕಟ್ಟಿ ಬಾವಿಗಿಳಿಬಿಟ್ಟ. ಟಣ್... ಕಲ್ಲು. ಬಳಕ್... ಹಳೇ ಬಕೆಟ್ಟು. ಜನ ಸೇರಿದರು. ಭಾಮೈದನೂ ಬಂದು ಕಟ್ಟೆಗೆ ಒರಗಿದ.

“ಏನ್ ಭಾವ, ಮೀನು ಬಿತ್ತಾ?”

ಬೇರೆ ದಿನವಾಗಿದ್ದರೆ ಏನಾದರೂ ಬುರುಡೆ ಬಿಡುತ್ತಿದ್ದ. ಆವತ್ತು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಅಕ್ಕ ಗಾಡಿ ಹತ್ತೋ ಮೆಟ್ಟಿಲು ಕಣೋ. ಚೆನ್ನಾಗೇ ಇತ್ತು. ಅಂದ ಕೆಡುತ್ತೆ ಅಂತ ನಾನೇ ಬಿಚ್ಚಿ ಎಸ್ದೆ. ತುಕ್ಕು ಹಿಡೀತು ಅಂತ ಅವಳ ಹತ್ರ ಸುಳ್ಳು ಹೇಳ್ದೆ.”

ಯಾರೂ ನಗಲಿಲ್ಲ. ಭಾಮೈದನ ಮುಖ ಕೆಂಪಾಯಿತು. ಆಮೇಲೆ ಬಂದು ತಾನೂ ಹಗ್ಗಕ್ಕೆ ಕೈ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಕೆಸರು ಸುರಿಸುತ್ತ ಮೆಟ್ಟಿಲು ಮೇಲೆ ಬಂತು. ಮೆಕ್ಯಾನಿಕ್ ತೊಳೆದು, ಅದರ ಹಳೆಯ ಜಾಗದಲ್ಲೇ ಬೋಲ್ಟು ಹಾಕಿದ. ಎತ್ತರಿಸಿದ್ದ ಗಾಡಿಯನ್ನೂ ಮೊದಲಿನ ಮಟ್ಟಕ್ಕೆ ಇಳಿಸಿದ. “ಸಾರ್, ಆಂಬುಲೆನ್ಸ್ ರೆಡಿ,” ಅಂತ ಒಂದು ಮಾತು ಚುಚ್ಚದೆ ಬಿಡಲಿಲ್ಲ. ಕನ್ನಡಕ ಅದನ್ನೂ ನುಂಗಿಕೊಂಡ.

ಅಕ್ಕ ಅವನನ್ನು ಕ್ಷಮಿಸಿದಳೇ? ಕೇಳಬೇಡಿ, ನನಗೆ ಗೊತ್ತಿಲ್ಲ. ಅವನೂ ಕೇಳಿಲ್ಲ. ಇವತ್ತಿಗೂ ಅವಳು ಗಾಡಿ ಹತ್ತುವಾಗ ಇವನು ನೆಲ ನೋಡುತ್ತ ಬಾಗಿಲು ಹಿಡಿದಿರುತ್ತಾನೆ.

ಈಗ ನೀವು ತಲೆ ಅಲ್ಲಾಡಿಸುತ್ತೀರಿ, ರಾತ್ರಿ ಹೊತ್ತು, ದಣಿದ ಕಿವಿ, ತಗಡು ತಣ್ಣಗಾದರೆ ಸದ್ದು ಮಾಡುತ್ತದೆ ಅಂತ. ಅನ್ನಿ. ನಾನೂ ಕಾಲೇಜು ಓದಿದವನೇ, ಅನ್ನುತ್ತಿದ್ದೆ. ಆದರೆ ಮುಂದಿನ ಭಾನುವಾರ ಅವರ ಜೊತೆ ನಾನೂ ಇದ್ದೆ. ಮುಂದಿನ ಸೀಟಿನಲ್ಲಿ ಕೂತಿದ್ದೆ, ಹಾಡುಹಗಲು. ಹಿಂದೆ ಅವನ ಹೆಂಡತಿ, ತೊಡೆಯ ಮೇಲೆ ಮಗಳು, ಇನ್ನೊಂದು ಅಂಚಿನಲ್ಲಿ ಒತ್ತಿಕೊಂಡು. ಅಕ್ಕ ಕೆಳಗೆ, ತೆರೆದ ಬಾಗಿಲ ಹತ್ತಿರ.

“ಹತ್ತಕ್ಕಾ,” ಅಂದ ಕನ್ನಡಕ.

“ತಾಳೋ,” ಅಂದಳು ಅಕ್ಕ, ಬಾಗಿಲಿಂದ ಸ್ವಲ್ಪ ಪಕ್ಕಕ್ಕೆ ಸರಿದು.

ನಾನು ತಿರುಗಿ ನೋಡಿದೆ. ನಂಬಿ, ಇಲ್ಲ ಬಿಡಿ, ಕಂಡದ್ದು ಕಂಡ ಹಾಗೆ ಹೇಳುತ್ತಿದ್ದೇನೆ. ಅಕ್ಕನ ಎರಡು ಕಾಲೂ ಇನ್ನೂ ನೆಲದ ಮೇಲೇ ಇದ್ದವು. ಗಾಡಿ ಎಡಕ್ಕೆ, ಒಂದು ಸಲ, ತಗ್ಗಿತು.