ಗೊರಕೆ ಭಾವನ ಹಡಗು

...ಅಲ್ಲ ಭಾವ, ನಗೋದಾದ್ರೆ ಬಾಯಿಬಿಟ್ಟು ನಗಿ. ನಾದಿನಿ ಮೊಣಕಾಲವರೆಗೆ ಕೆಸರಲ್ಲಿ ಹೂತ್ಕೊಂಡು ನಿಂತಿದಾಳೆ, ನೀವು ಮೀಸೆಯೊಳಗೇ ನಗ್ತಾ ಇದೀರಿ. ಕೈ ಕೊಡಿ. ಹಾಂ... ಎಳೀರಿ, ಇನ್ನೊಂಚೂರು... ಬಂತು. ಕಾಲು ಬಂತು, ಚಪ್ಪಲಿ ಬರ್ಲಿಲ್ಲ. ಹೋಗ್ಲಿ ಬಿಡಿ.

ನೋಡಿದ್ರಾ ನಿಮ್ಮ ಹಡಗನ್ನ? ಎಷ್ಟು ಚಿಕ್ಕದಾಗ್ಬಿಟ್ಟಿದೆ! ಅರ್ಧ ಮರಳು ನುಂಗಿದೆ, ಅರ್ಧ ತುಕ್ಕು ತಿಂದಿದೆ. ಇಪ್ಪತ್ತೇಳು ವರ್ಷ ಇಲ್ಲೇ ಬಿದ್ದಿತ್ತು, ಒಂದು ದಿನ ಬಂದು ನೋಡ್ಲಿಲ್ಲ ನೀವು. ನಾಳೆ ಗುಜರಿಯವರು ಬಂದು ಕತ್ತರಿಸ್ತಾರೆ ಅಂತ ಗೊತ್ತಾದ್ಮೇಲೆ ತಾನೇ ಹೊರಟಿದ್ದು? ಅದೂ ಹೊರಡೋಣ ಅಂತ ಒಂದು ಮಾತಿಲ್ಲ. ಚಪ್ಪಲಿ ಮೆಟ್ಕೊಂಡು ಬಾಗಿಲಲ್ಲಿ ನಿಂತ್ರಿ. ಅಕ್ಕನೇ ಫೋನ್ ಮಾಡಿ ಹೇಳ್ಬೇಕಾಯ್ತು, "ನಿನ್ನ ಭಾವ ಎಲ್ಲಿಗೋ ಹೊರಟಿದಾರೆ, ಎಲ್ಲಿಗೆ ಅಂತ ನಿಂಗೇ ಗೊತ್ತಿರುತ್ತೆ, ಕರ್ಕೊಂಡ್ ಹೋಗೇ" ಅಂತ. ನಾನು ಬಸ್ ಡ್ಯೂಟಿಗೆ ರಜ ಹಾಕಿ ಓಡಿ ಬಂದೆ.

ಇಲ್ಲಿ, ಈ ತೂತಲ್ಲಿ ಒಳಗೆ ಹೋಗೋಣ. ಹತ್ತಿ ಹತ್ತಿ ಹತ್ತಿ, ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಖಾಲಿ ಇದೆ... ಯಾಕೆ ನಗ್ತೀರಿ? ಇಪ್ಪತ್ತು ವರ್ಷ ಕಂಡಕ್ಟರ್ ಕೆಲಸ ಮಾಡಿದ ಬಾಯಿ ಇದು, ಖಾಲಿ ಹಡಗು ಕಂಡ್ರೂ ಕೂಗುತ್ತೆ. ಹುಷಾರು, ತಲೆ ಬಗ್ಗಿಸಿ. ಎಷ್ಟು ಏಡಿ ಇದಾವೆ ನೋಡಿ, ಒಂದಕ್ಕೂ ಟಿಕೆಟ್ ಇಲ್ಲ.

ಇದೇ ತಾನೇ ಸರಕು ತುಂಬಿದ್ದ ಜಾಗ? ಚಪ್ಪಲಿ! ನೆನಪಿದೆಯಾ ಭಾವ? ಕಳ್ಳರು ಕದೀಬಾರ್ದು ಅಂತ ಎಡಗಾಲಿಂದೆಲ್ಲ ಒಂದು ಹಡಗಲ್ಲಿ, ಬಲಗಾಲಿಂದೆಲ್ಲ ಇನ್ನೊಂದರಲ್ಲಿ ಕಳಿಸಿದ್ರಂತೆ. ನಿಮ್ಮ ಹಡಗಲ್ಲಿ ಬರೀ ಎಡಗಾಲು. ದಡದ ತುಂಬ ಎಡಗಾಲ ರಬ್ಬರ್ ಚಪ್ಪಲಿ. ಒಂದು ವರ್ಷ ಊರಿಗೆ ಊರೇ ಎರಡೂ ಕಾಲಿಗೆ ಎಡಗಾಲಿಂದೇ ಹಾಕ್ಕೊಂಡು ಓಡಾಡ್ತಲ್ಲ! ಎಲ್ಲರೂ ಬಲಕ್ಕೆ ವಾಲ್ಕೊಂಡು ನಡೀತಿದ್ರು. ನಮ್ಮಪ್ಪನೂ ಅಷ್ಟೇ, ದೀಪ ಹಚ್ಚೋ ಕೆಲಸಕ್ಕೆ ದೀಪಸ್ತಂಭದ ಮೆಟ್ಟಿಲನ್ನ ಹಾಗೇ ವಾಲ್ಕೊಂಡು ಹತ್ತೋರು. ನಿಮ್ಮ ಮದುವೇಲಿ ನಾನು ಹಾಕಿದ್ದೂ ಅದೇ, ಕೆಂಪು ಬಣ್ಣದ್ದು, ಎರಡು ಎಡ... ನಕ್ಕು ನಕ್ಕು ಹೊಟ್ಟೆ ನೋಯ್ತಾ ಇದೆ, ಒಂದ್ನಿಮಿಷ ಕೂತ್ಕೋತೀನಿ.

ಏಣಿ ಗಟ್ಟಿ ಇದೆಯಾ? ನೀವು ಮೊದಲು ಹತ್ತಿ. ನಿಮ್ಮನ್ನ ತಡೆದುಕೊಂಡ್ರೆ ನನ್ನನ್ನೂ ತಡೆಯುತ್ತೆ.

ಭಾವ... ಹತ್ತೋಕೆ ಮುಂಚೆ ಒಂದು ಮಾತು. ಪುಟ್ಟಿ ನಿನ್ನೆ ನಂಗೆ ಫೋನ್ ಮಾಡಿದ್ಲು. ನಿಮಗೂ ಮಾಡಿದ್ಲು ಅಂತ ಗೊತ್ತು. ನೀವು ಏನೂ ಹೇಳದೆ ಫೋನನ್ನ ಅಕ್ಕನ ಕೈಗೆ ಕೊಟ್ರಂತೆ. ಯಾಕ್ ಭಾವ? ಒಬ್ಬಳೇ ಮಗಳು. ನೌಕಾ ಶಾಲೆಗೆ ಸೀಟ್ ಸಿಕ್ಕಾಗ ನಾವೆಲ್ಲ ಹೇಗೆ ಕುಣಿದ್ವಿ! ಈಗ ಅಲ್ಲಿ ಪಾಠದ ಪುಸ್ತಕದಲ್ಲೇ ಈ ಹಡಗಿನ ಕಥೆ ಬಂದಿದೆಯಂತೆ, ಚುಕ್ಕಾಣಿ ಹಿಡಿದವನು ನಿದ್ದೆ ಮಾಡಿದ್ರೆ ಏನಾಗುತ್ತೆ ಅನ್ನೋಕೆ ಉದಾಹರಣೆ. ಯಾರೋ ಅದರಲ್ಲಿ ನಿಮ್ಮ ಹೆಸರು ನೋಡಿ ಪತ್ತೆ ಹಚ್ಚಿದಾರೆ. ಕ್ಲಾಸಲ್ಲಿ ಇವಳು ಎದ್ದು ನಿಂತ್ರೆ ಸಾಕು, ಹಿಂದಿನ ಬೆಂಚಿನವರು ಗೊರಕೆ ಹೊಡೀತಾರಂತೆ. ನಾಳೆ ಬಿಟ್ಟು ಬರೋ ಕಾಗದ ಕೊಡ್ತೀನಿ ಅಂತಾಳೆ. "ಚಿಕ್ಕಮ್ಮ, ಅಪ್ಪನ್ನ ಒಂದೇ ಒಂದು ಮಾತು ಕೇಳು. ನಿಜವಾಗ್ಲೂ ನಿದ್ದೆ ಮಾಡಿದ್ರಾ? ಇಲ್ಲ ಅಂದ್ರೆ ಸಾಕು, ನಾನು ಇಲ್ಲೇ ಇರ್ತೀನಿ" ಅಂದ್ಲು.

ಸರಿ, ಹತ್ತಿ. ಮೇಲೆ ಹೋಗಿ ಮಾತಾಡೋಣ.

ಉಸ್ಸಪ್ಪಾ... ಗಾಳಿ ಅಂದ್ರೆ ಇದು! ಇಲ್ಲೇ ನಿಂತಿದ್ರಾ ನೀವು? ಚುಕ್ಕಾಣಿ ಚಕ್ರ ಎಲ್ಲಿ? ಯಾರೋ ಬಿಚ್ಕೊಂಡು ಹೋಗಿದಾರೆ. ಏನಿಲ್ಲದ ಜಾಗದಲ್ಲಿ ಕೈ ಹಂಗೆ ಹಿಡ್ಕೊಂಡು ನಿಂತಿದೀರಲ್ಲ, ಫೋಟೋ ತೆಗೀಲಾ? ಅಕ್ಕಂಗೆ ತೋರಿಸ್ತೀನಿ, ನಿನ್ನ ಗಂಡ ಗಾಳಿನೇ ಓಡಿಸ್ತಾ ಇದ್ರು ಅಂತ.

ನಂಗೊಂದು ಉಪಾಯ ಹೊಳೆದಿದೆ. ಪುಟ್ಟಿಗೆ ಹೀಗೆ ಹೇಳೋಣ. ಎರಡು ಪಾಳಿ ಒಟ್ಟಿಗೆ ಮಾಡಿದ್ರು, ಸುಸ್ತಾಗಿತ್ತು, ಒಂದು ಗಳಿಗೆ ಕಣ್ಣು ಹತ್ತಿತು. ಮನುಷ್ಯ ಅಂದ್ಮೇಲೆ ಆಗುತ್ತೆ. ನಂಬ್ತಾಳೆ... ನಂಬ್ತಾಳಾ? ಇಪ್ಪತ್ತಾರು ವರ್ಷ ನೀರಿನ ಪಂಪ್‌ಹೌಸಲ್ಲಿ ರಾತ್ರಿ ಪಾಳಿ ಮಾಡಿದೀರಿ, ಒಂದು ದಿನ ತೂಕಡಿಸಿಲ್ಲ. ಅಕ್ಕನೇ ಹೇಳ್ತಾಳೆ, "ಇವರ ಗೊರಕೆ ನಾನಂತೂ ಕೇಳಿಲ್ಲಪ್ಪ" ಅಂತ. ಗೊರಕೆ ಭಾವ ಅಂತ ಹೆಸರಿಟ್ಟಿದ್ದು ನಾನಲ್ವಾ. ಏನೋ ತಮಾಷೆಗೆ ಇಟ್ಟೆ, ಊರೇ ಹಿಡ್ಕೊಂಡ್ತು.

ಆ ಕಡೆ ಏನ್ ನೋಡ್ತೀರಿ? ಈ ಕಡೆ ನೋಡಿ, ಎಷ್ಟು ಹಕ್ಕಿ. ಭಾವ... ಅದು ಅದೇ ದೀಪಸ್ತಂಭ, ಬದಲಾಗಿಲ್ಲ. ಹೌದು, ಇಲ್ಲಿಂದ ಚೆನ್ನಾಗೇ ಕಾಣುತ್ತೆ. ಈ ಕಡೆಗಿರೋದು ಉತ್ತರದ ಕಿಟಕಿ ಒಂದೇ. ಅವತ್ತೂ ಕಾಣ್ತಿತ್ತು. ದೀಪ ಸರಿಯಾಗೇ ಹಚ್ಚಿತ್ತು, ಸ್ತಂಭದ ದಾಖಲೆ ಪುಸ್ತಕದಲ್ಲಿ ಬರೆದಿದೆ, ಸಂಜೆ ಆರು ಗಂಟೆ ನಲವತ್ತು ನಿಮಿಷ. ಅಪ್ಪಂಗೆ ಮೂರು ದಿನದಿಂದ ಜ್ವರ ಇತ್ತು, ಅಕ್ಕ ಅಪ್ಪನ ಹತ್ರ, ನಾನು ದೀಪದ ಹತ್ರ. ನಾನೇ ಹಚ್ಚಿದೆ. ಆ ದೊಡ್ಡ ಗಾಜಿನ ಮೇಲೆ ಹಗಲು ಬಿಸಿಲು ಬಿದ್ರೆ ಒಳಗೆ ಬೆಂಕಿ ಹತ್ತುತ್ತೆ, ಅದಕ್ಕೇ ಬೆಳಗ್ಗೆ ಎಂಟು ಕಿಟಕಿಗೂ ದಪ್ಪ ಪರದೆ ಹಾಕೋದು. ಸಂಜೆ ಎಂಟೂ ತೆಗೆದು ಮಡಚಿಟ್ಟು, ಆಮೇಲೆ ದೀಪ. ಎಂಟೂ ತೆಗ್ದಿದ್ದೆ. ಬೆಳಗ್ಗೆ ಓಡಿ ಹೋಗಿ ಎಣಿಸಿದೆ ಭಾವ, ಬೆಂಚಿನ ಮೇಲೆ ಎಂಟೂ ಇತ್ತು.

ಯಾಕೆ ನನ್ನನ್ನ ಹಂಗೆ ನೋಡ್ತೀರಿ? ಕೇಳಿ. ಯಾಕೆ ಎಣಿಸಿದೆ ಅಂತ ಕೇಳಿ. ಬೇರೆ ಯಾರಾದ್ರೂ ಆಗಿದ್ರೆ ಕೇಳೋರು.

ಕೇಳಲ್ಲ ನೀವು.

ಏಳನ್ನ ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು, ನಾನು ಮಡಚೋ ಹಾಗೆ. ಇನ್ನೊಂದು ಸುರುಳಿ ಸುತ್ತಿತ್ತು. ಬಿಗಿಯಾಗಿ. ನಮ್ಮ ಮನೇಲಿ ಯಾರೂ ಬಟ್ಟೆನ ಸುರುಳಿ ಸುತ್ತಲ್ಲ ಭಾವ. ಆಮೇಲೆ ನೀವು ಮನೆ ಅಳಿಯ ಆಗಿ ಬಂದ್ರಿ, ಅಂಗಿ, ಪಂಚೆ, ಟವೆಲ್ಲು ಎಲ್ಲಾ ಸುರುಳಿ. ಹಡಗಲ್ಲಿ ಹೀಗೇ ಇಡ್ತೀವಿ ಅಂದ್ರಿ. ನಾನು ಬಿದ್ದು ಬಿದ್ದು ನಕ್ಕೆ. ಅವತ್ತೇ ನಂಗೆ ಗೊತ್ತಾಗ್ಬೇಕಿತ್ತು. ಗೊತ್ತಾಗೋಕೆ ನಾನು ಬಿಡ್ಲಿಲ್ಲ. ಮನಸ್ಸು ಆ ಕಡೆ ಹೋದಾಗೆಲ್ಲ ಏನೋ ಒಂದು ತಮಾಷೆ ಮಾಡ್ತಿದ್ದೆ.

ಬೆಳಗಾಗೋ ಹೊತ್ತಿಗೆ ಈಜ್ಕೊಂಡು ಬಂದು ಮೊದಲು ಸ್ತಂಭ ಹತ್ತಿದ್ರಿ ಅಲ್ವಾ? ದೀಪ ಎಲ್ಲಿ ಅಂತ ಜಗಳ ಆಡೋಕೇ ಬಂದಿರ್ಬೇಕು. ಬರ್ಬೇಕಿತ್ತು ಕೂಡ. ಮೆಟ್ಟಿಲ ಮೇಲೆ ನಾನು ಮಲಗಿದ್ದೆ. ಮೂರು ರಾತ್ರಿ ನಿದ್ದೆ ಇರ್ಲಿಲ್ಲ, ಗೋಡೆಗೆ ಒರಗಿ... ಗೊರಕೆ ಹೊಡೀತಾ ಇದ್ನಾ ಭಾವ?

ನಗ್ಬೇಡಿ. ಇಲ್ಲ, ನಗಿ. ನೀವು ನಗದೇ ಇದ್ರೆ ನಂಗೆ ಅಳು ಬರುತ್ತೆ.

ನನ್ನ ದಾಟಿ ಮೇಲೆ ಹೋಗಿ, ನಾನು ಮರೆತಿದ್ದ ಆ ಉತ್ತರದ ಕಿಟಕಿ ಪರದೆ ತೆಗೆದು ಸುರುಳಿ ಸುತ್ತಿಟ್ರಿ. ಆಗಿನ್ನೂ ಅಕ್ಕನ ಮುಖನೂ ನೋಡಿರ್ಲಿಲ್ಲ ನೀವು. ನಾನು ಯಾರು ಅಂತಾನೂ ಗೊತ್ತಿರ್ಲಿಲ್ಲ. ವಿಚಾರಣೇಲಿ "ಕಣ್ಣು ಹತ್ತಿತು" ಅಂದ್ರಿ. ಅಷ್ಟೇ. ನಿಮ್ಮ ಲೈಸೆನ್ಸು ಹೋಯ್ತು, ಅಪ್ಪನ ಕೆಲಸ ಉಳೀತು. ನಾನು ಎದುರಿಗೇ ಕೂತಿದ್ದೆ, ಸುಮ್ಮನಿದ್ದೆ. ಒಬ್ಬರೂ ಸಾಯ್ಲಿಲ್ಲವಲ್ಲ, ಚಪ್ಪಲಿ ತಾನೇ ಹೋಗಿದ್ದು ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ.

ಪುಟ್ಟಿಗೆ ಫೋನ್ ಮಾಡಿ ಇದನ್ನೇ ಹೇಳ್ತೀನಿ. ಏನು, ತಲೆ ಅಲ್ಲಾಡಿಸ್ತೀರಿ? ಬೇಡ ಅಂತಾನಾ? ಪುಟ್ಟಿ ನನ್ನನ್ನ ಮಾತಾಡಿಸಲ್ಲ ಅಂತಾನಾ? ಇರ್ಬಹುದು. ಅವಳನ್ನ ಎತ್ತಿ ಆಡಿಸಿದ್ದು ನಾನು, ನಂಗೂ ಹೆದರಿಕೆ ಆಗುತ್ತೆ ಭಾವ. ಆದ್ರೆ ಅವಳು ಕೇಳಿದ್ದು ಒಂದೇ ಮಾತು. ಅದಕ್ಕೆ ಉತ್ತರ ಇರೋದು ನನ್ನ ಹತ್ರ.

ರಿಂಗ್ ಆಗ್ತಾ ಇದೆ. ಕೈ ಬಿಡಿ ಭಾವ. ಇಪ್ಪತ್ತೇಳು ವರ್ಷ ಸುಮ್ಮನಿದ್ರಿ, ಇನ್ನೈದು ನಿಮಿಷ ಸುಮ್ಮನಿರಿ.

ಹಲೋ... ಪುಟ್ಟಿ? ಚಿಕ್ಕಮ್ಮ ಕಣೇ. ಇಲ್ಲ, ನಿನ್ನಪ್ಪನ್ನ ಕೇಳ್ಲಿಲ್ಲ. ಕೇಳಬೇಕಾಗೂ ಇಲ್ಲ. ನೀನು ಮೊದಲು ಕೂತ್ಕೋ.