ಜಾರ್ಲತ್‌ನ ಸಂತಾಪದಲ್ಲಿ ತಪ್ಪಿದ ಒಂದಕ್ಷರ

ಸಭೆಯ ಅಧ್ಯಕ್ಷರಾದ ಶ್ರೀಮತಿ ಬ್ರೀಜ್ ಮ್ಯಾನಿಯನ್ ಅವರೇ, ನಮ್ಮ ಕ್ಷೇತ್ರದ ಸಂಸತ್ ಸದಸ್ಯರೂ ಒಂದು ಕಾಲದಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನ ಖಾಯಂ ಸದಸ್ಯರೂ ಆಗಿದ್ದ ಶ್ರೀ ಕಾರ್ಮಕ್ ಹೆಸ್ಲಿನ್ ಅವರೇ, ಈ ಸಭಾಂಗಣವನ್ನು ಬಿಟ್ಟುಕೊಟ್ಟಿರುವ ಫುಟ್‌ಬಾಲ್ ಕ್ಲಬ್ಬಿನ ಪದಾಧಿಕಾರಿಗಳೇ, ಬೆಳಗ್ಗೆಯಿಂದ ನಿಂತು ಹ್ಯಾಮ್ ಸ್ಯಾಂಡ್‌ವಿಚ್ ಮಾಡಿರುವ ತಾಯಂದಿರೇ, ಆ ಸ್ಯಾಂಡ್‌ವಿಚ್‌ಗಳ ಕಡೆಗೇ ಕಣ್ಣಿಟ್ಟು ಕೂತಿರುವ ಕ್ಲೂನ್‌ಬ್ರನ್ನದ ಸಮಸ್ತ ಸಭಿಕರೇ,

ಈ ಗಾಜಿನ ಫಲಕಕ್ಕಾಗಿ ಮೊದಲಿಗೆ ನಿಮಗೆಲ್ಲ ವಂದನೆ. ‘ಸಮಾನತೆಯ ಹತ್ತು ವರ್ಷ’ ಎಂದು ಇದರ ಮೇಲೆ ಕೆತ್ತಿದ್ದಾರೆ. ಕೆಳಗೆ ನನ್ನ ಹೆಸರು, ಮ್ಯಾಲಕಿ ಕೊಯ್ನ್, ನಿವೃತ್ತ ಶಿಕ್ಷಕರು. ಕಾಗುಣಿತ ಸರಿಯಾಗಿದೆ, ನಾನು ಎರಡು ಸಲ ನೋಡಿದೆ. ಕ್ಷಮಿಸಿ, ಮೇಷ್ಟ್ರ ಕಣ್ಣು.

ಮೊನ್ನೆ ಕಾರ್ಮಕ್ ಅವರ ಕಚೇರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. "ಮೇಷ್ಟ್ರೇ, ಹತ್ತು ನಿಮಿಷ ಮಾತಾಡಿ, ಸ್ವಲ್ಪ ಖುಷಿಖುಷಿಯಾಗಿ ಮಾತಾಡಿ, ನಾವು ಲೈವ್ ಹಾಕ್ತೀವಿ" ಎಂದಳು. ಮಗೂ, ನನಗೀಗ ಎಪ್ಪತ್ತನಾಲ್ಕು. ನನ್ನ ಖುಷಿಯೆಲ್ಲ ಬೆಳಗಿನ ಚಹಾದ ಹೊತ್ತಿಗೇ ಮುಗಿದುಹೋಗುತ್ತದೆ. ಈಗ ಸಂಜೆ. ಇದ್ದುದರಲ್ಲಿ ಮಾತಾಡುತ್ತೇನೆ.

ಹತ್ತು ವರ್ಷದ ಹಿಂದೆ ಇದೇ ಮೇ ತಿಂಗಳಲ್ಲಿ ಈ ದೇಶದ ಜನ ಸಾಲಿನಲ್ಲಿ ನಿಂತು ಮತ ಹಾಕಿದರು. ಗಂಡಸು ಗಂಡಸನ್ನೂ ಹೆಂಗಸು ಹೆಂಗಸನ್ನೂ ಮದುವೆಯಾಗಬಹುದು ಎಂದರು. ನಮ್ಮೂರಿನ ಪೆಟ್ಟಿಗೆಯಲ್ಲೂ ‘ಹೌದು’ ಗೆದ್ದಿತು. ಯಾರು ಹಾಕಿದರು? ಯಾರಿಗೆ ಗೊತ್ತು! ಅವತ್ತು ಬ್ರೆಡ್ಡು ತರಲು ಅಂಗಡಿಗೆ ಹೋದರೆ ಎಲ್ಲರೂ ಹವಾಮಾನದ ವಿಷಯ ಮಾತಾಡುತ್ತಿದ್ದರು. ಒಬ್ಬರೂ ಒಂದು ಮಾತು ಆಡಲಿಲ್ಲ. ಆದರೆ ಬ್ರೆಡ್ಡಿನ ಜೊತೆಗೆ ನಾನು ಕೇಳದ ಒಂದು ಆ್ಯಪಲ್ ಟಾರ್ಟ್ ಚೀಲದೊಳಗೆ ಬಂದಿತ್ತು. ನಾವು ಹಾಗೆಯೇ. ಬಾಯಿ ಬಿಡುವ ಜನ ಅಲ್ಲ.

ಕಾರ್ಮಕ್ ಅವರೂ ಆಗ ಬಾಯಿ ಬಿಡಲಿಲ್ಲ, ಅದನ್ನೂ ಹೇಳಿಬಿಡಬೇಕು. ಮತದಾನದ ಹಿಂದಿನ ವಾರ ಅಂತರ್ಜಾಲದ ಅವರ ಪುಟದಲ್ಲಿ ಏನಿತ್ತು? ಮಿಲ್ ರಸ್ತೆಯ ಗುಂಡಿ. ಅದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ ಕಾರ್ಮಕ್. ಮತ ಎಣಿಕೆ ಮುಗಿದ ಮೇಲೆ ಏನಿತ್ತು? ಕಾಮನಬಿಲ್ಲು. ಅದರ ಕೆಳಗೆ ಅದೇ ಕಾರ್ಮಕ್. ನಗಬೇಡಿ, ನಗಬೇಡಿ. ಗುಂಡಿಯನ್ನೂ ಆಮೇಲೆ ಮುಚ್ಚಿಸಿದರು.

ಇನ್ನು ಜಾರ್ಲತ್ ವಿಷಯ. ಜಾರ್ಲತ್ ಫೀನಿ ನಿಮಗೆಲ್ಲ ಗೊತ್ತು. ಬಾಯ್ಲರ್ ರಿಪೇರಿಯವನು. ಈ ಊರಿನಲ್ಲಿ ಅವನು ಕಾಲಿಡದ ಅಡುಗೆಮನೆ ಇಲ್ಲ. ನಾನು ನಿಮ್ಮ ಮಕ್ಕಳಿಗೆ ಐರಿಷ್ ಕಲಿಸಿದೆ, ಅವನು ನಿಮ್ಮ ಮನೆ ಬೆಚ್ಚಗಿಟ್ಟ. ಯಾವುದು ಉಪಯೋಗಕ್ಕೆ ಬಂತು ಎಂದು ನಾನು ಕೇಳುವುದಿಲ್ಲ.

ಇಪ್ಪತ್ತೆಂಟು ವರ್ಷ ಅವನು ಈ ಊರಿನ ಬಾಯಲ್ಲಿ ‘ಮೇಷ್ಟ್ರ ಮನೆ ಬಾಡಿಗೆಯವರು’. "ನಿಮ್ಮ ಬಾಡಿಗೆಯವರು ಹುಷಾರಾಗಿದಾರಾ ಮೇಷ್ಟ್ರೇ? ನಮ್ಮ ಬಾಯ್ಲರ್ ಗುರುಗುಟ್ಟುತ್ತೆ, ಸ್ವಲ್ಪ ಹೇಳ್ತೀರಾ?" ಅದು ಕೆಟ್ಟ ಮನಸ್ಸಿನ ಮಾತಲ್ಲ, ನನಗೆ ಗೊತ್ತು. ಬಾಡಿಗೆಯವರು ಎಂದು ನೀವು ಹೇಳಿದ್ದರಿಂದಲೇ ನನ್ನ ಕೆಲಸ ಉಳಿಯಿತು. ಶಾಲೆ ಚರ್ಚಿನದು. ಅದರ ತತ್ವಕ್ಕೆ ಒಪ್ಪದ ಬದುಕು ಬಾಳುವ ಮೇಷ್ಟ್ರನ್ನು ಮನೆಗೆ ಕಳಿಸಲು ಆಗಿನ ಕಾನೂನಿನಲ್ಲೇ ದಾರಿ ಇತ್ತು. ನಾನು ನಿವೃತ್ತನಾದ ಮೇಲೆ ಆ ದಾರಿ ಮುಚ್ಚಿದರು. ನನ್ನ ಹಣೆಬರಹ ಯಾವಾಗಲೂ ಹೀಗೆ, ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಚಾವಣಿ ಬರುತ್ತದೆ.

ಸರ್ಕಾರ ಒಪ್ಪಿತು, ನಾವೂ ಮದುವೆಯಾದೆವು. ನೋಂದಣಿ ಕಚೇರಿಯಲ್ಲಿ, ಒಂದು ಮಂಗಳವಾರ, ಮಳೆ. ಜಾರ್ಲತ್‌ನ ಅಕ್ಕ ಅಟ್ರಾಕ್ಟಾ ಬಂದಿದ್ದಳು, ಜೊತೆಗೆ ನನ್ನ ಒಬ್ಬ ಹಳೆಯ ಸಹೋದ್ಯೋಗಿ. ಹೊರಗೆ ಬಂದರೆ ಮೆಟ್ಟಿಲ ಮೇಲೆ ಯಾರು? ಕಾರ್ಮಕ್! ಜೊತೆಗೊಬ್ಬ ಫೋಟೊ ತೆಗೆಯುವವನು. ನಾವು ಕರೆದಿರಲಿಲ್ಲ, ಆದರೆ ಬಂದವರನ್ನು ಹೋಗಿ ಅನ್ನುವುದುಂಟೇ? ನಮ್ಮ ಮದುವೆಯದು ಒಳ್ಳೆಯ ಫೋಟೊ ಅಂತ ಇರುವುದು ಅದೊಂದೇ. ಅದರಲ್ಲಿ ನಾನು ಎಡಕ್ಕೆ, ಜಾರ್ಲತ್ ಬಲಕ್ಕೆ, ನಡುವೆ ಇಬ್ಬರ ಹೆಗಲ ಮೇಲೂ ಕೈ ಹಾಕಿಕೊಂಡು ಕಾರ್ಮಕ್. ಅದನ್ನು ನೋಡಿ ಜಾರ್ಲತ್ ಅಂದಿದ್ದ: "ಮೇಷ್ಟ್ರೇ, ಇದ್ಯಾಕೋ ನಾವಿಬ್ರೂ ಸೇರಿ ಅವನನ್ನೇ ಕಟ್ಕೊಂಡ ಹಾಗಿದೆ ಕಣ್ರೀ."

ಆ ಫೋಟೊ ಪ್ರತಿ ಜೂನ್‌ನಲ್ಲಿ, ನಮ್ಮಂಥವರ ‘ಪ್ರೈಡ್’, ಅಂದರೆ ಹೆಮ್ಮೆಯ ಮೆರವಣಿಗೆ ಬಂದಾಗಲೆಲ್ಲ, ಕಾರ್ಮಕ್ ಅವರ ಪುಟದ ಮೇಲೆ ಬರುತ್ತದೆ. ಚುನಾವಣೆ ಬಂದರೆ ಇನ್ನೊಮ್ಮೆ ಬರುತ್ತದೆ. ಅದರ ಕೆಳಗೆ ಯಾರ್ಯಾರೋ, ಎಲ್ಲೆಲ್ಲಿಯವರೋ, ನಮ್ಮಿಬ್ಬರನ್ನು ಬಾಯಿಗೆ ಬಂದ ಹಾಗೆ ಬೈದಿರುತ್ತಾರೆ. ಕಾರ್ಮಕ್ ಅವರನ್ನು ಯಾರೂ ಬೈಯುವುದಿಲ್ಲ, ಆಶ್ಚರ್ಯ. ಒಂದು ವರ್ಷ ನಾನು ಅವರಿಗೆ ಫೋನ್ ಮಾಡಿ, "ಅಲ್ಲಪ್ಪಾ, ನಮ್ಮ ಮುಖ ಹಾಕೋ ಮುಂಚೆ ಒಂದು ಮಾತು ಕೇಳಬಾರದಾ?" ಎಂದೆ. "ಮೇಷ್ಟ್ರೇ, ನಿಮ್ಮ ಫೋಟೊಗೆ ಎಷ್ಟು ಜನ ಹೃದಯ ಒತ್ತಿದಾರೆ ಗೊತ್ತಾ?" ಎಂದರು. ಹೃದಯ ಒತ್ತಿದಾರೆ! ನನ್ನ ಡಾಕ್ಟರೂ ಅದನ್ನೇ ಮಾಡುತ್ತಾರೆ, ಅವರು ಮಾತ್ರ ಮೊದಲು ಅನುಮತಿ ಕೇಳುತ್ತಾರೆ.

ಕಳೆದ ಜೂನ್‌ನಲ್ಲಿ ಜಾರ್ಲತ್ ತೀರಿಕೊಂಡ.

ಈಗ ಸ್ವಲ್ಪ ವ್ಯಾಕರಣ. ಗೊಣಗಬೇಡಿ, ಐದು ನಿಮಿಷ. ನಮ್ಮ ರಾಜಕಾರಣಿಗಳಿಗೆ ಒಂದು ಅಭ್ಯಾಸ ಉಂಟು, ‘ಎರಡು ಮಾತು’ ಅನ್ನುತ್ತೇವೆ. ಭಾಷಣವಾಗಲಿ ಸಂತಾಪವಾಗಲಿ, ಮೊದಲಿಗೆ ಎರಡು ಮಾತು ಐರಿಷ್‌ನಲ್ಲಿ, ಉಳಿದದ್ದೆಲ್ಲ ಇಂಗ್ಲಿಷ್‌ನಲ್ಲಿ. ದೇವರಿಗೆ ಕೈ ಮುಗಿದು ಅಂಗಡಿ ಬಾಗಿಲು ತೆಗೆದ ಹಾಗೆ. ಐರಿಷ್‌ನಲ್ಲಿ ದುಃಖವನ್ನು ಹೇಳುವ ರೀತಿ ನಿಮಗೆ ಕಲಿಸಿದ್ದೇನೆ, ನಿಮಗೆ ನೆನಪಿಲ್ಲ ಎಂಬುದು ನನಗೆ ನೆನಪಿದೆ. ನಾವು ‘ದುಃಖವಾಯಿತು’ ಅನ್ನುವುದಿಲ್ಲ. ‘ದುಃಖ ನನ್ನ ಮೇಲಿದೆ’ ಅನ್ನುತ್ತೇವೆ. ‘ತಾ ಬ್ರೋನ್ ಓರಮ್.’ ಬ್ರೋನ್ ಅಂದರೆ ದುಃಖ. ಹೊರೆ ಹೊತ್ತ ಹಾಗೆ ಅದು ಮೇಲೆ ಕೂತಿರುತ್ತದೆ, ಒಂದು ದಿನ ಇಳಿಯಲೂಬಹುದು. ಮೂವತ್ತೆಂಟು ವರ್ಷ ಕಲಿಸಿದೆ, ಅದರ ತೂಕ ನನಗೆ ತಿಳಿದದ್ದು ಹೋದ ವರ್ಷ.

ಬ್ರೋನ್ ಅಂದರೆ ದುಃಖ. ಕೊನೆಯ ಅಕ್ಷರ ಬದಲಾಗಿ ಬ್ರೋದ್ ಆದರೆ ಹೆಮ್ಮೆ.

ಜೂನ್ ತಿಂಗಳು ನೋಡಿ. ಕಾರ್ಮಕ್ ಅವರ ಫೋನಿಗೆ ವಾರವೆಲ್ಲ ಬ್ರೋದ್, ಬ್ರೋದ್, ಬ್ರೋದ್ ಎಂದು ಒತ್ತಿಸಿಕೊಂಡು ಅಭ್ಯಾಸವಾಗಿತ್ತು. ಫೋನು ಪಾಪ, ಬುದ್ಧಿವಂತ ಶಿಷ್ಯ, ಹೇಳಿಕೊಟ್ಟದ್ದನ್ನು ಕಲಿಯಿತು; ಬ್ರೋನ್ ಎಂದು ಒತ್ತಿದರೆ ತಾನೇ ಬ್ರೋದ್ ಎಂದು ತಿದ್ದಿತು. ಹಾಗಾಗಿ ನನ್ನ ಗಂಡ ಸತ್ತ ದಿನ ನನ್ನ ಶಿಷ್ಯ ನಮ್ಮ ಫೋಟೊ ಹಾಕಿ ಇಡೀ ಐರ್ಲೆಂಡಿಗೆ ಹೀಗೆ ಸಾರಿದ: ‘ತಾ ಬ್ರೋದ್ ಓರಮ್. ಜಾರ್ಲತ್ ಫೀನಿ ನಮ್ಮನ್ನಗಲಿದ್ದಾರೆ.’ ಅಂದರೆ, ನನಗೆ ಹೆಮ್ಮೆಯಾಗಿದೆ.

ನಗಿ ನಗಿ, ಈಗ ನಗಬಹುದು. ನಾನೇ ನಕ್ಕೆ. ಶವಪೆಟ್ಟಿಗೆ ಮುಂದಿನ ಕೋಣೆಯಲ್ಲಿತ್ತು, ನಾನು ಅಡುಗೆಮನೆಯಲ್ಲಿ ಫೋನ್ ಹಿಡಿದು ಬಿದ್ದು ಬಿದ್ದು ನಕ್ಕೆ. ಅಟ್ರಾಕ್ಟಾ ಓಡಿ ಬಂದು "ಮ್ಯಾಲಕಿ, ಡಾಕ್ಟರ್‌ನ ಕರೀಲಾ?" ಎಂದಳು. ಜಾರ್ಲತ್‌ಗೆ ಹೇಳಬೇಕು ಅನ್ನಿಸಿತು. ಎದ್ದು ಎರಡು ಹೆಜ್ಜೆಯನ್ನೂ ಇಟ್ಟಿದ್ದೆ.

ಆ ತಪ್ಪಿಗೆ ನನಗೆ ಕೋಪ ಬರಲಿಲ್ಲ, ಕಾರ್ಮಕ್. ನಿಜ ಹೇಳುತ್ತೇನೆ, ಬರಲಿಲ್ಲ. ನಿನ್ನ ಎಷ್ಟು ಪರೀಕ್ಷೆಯ ಉತ್ತರಗಳನ್ನು ತಿದ್ದಿದ್ದೇನೆ, ಇದು ನಿನ್ನ ದೊಡ್ಡ ತಪ್ಪುಗಳ ಸಾಲಿಗೆ ಸೇರುವುದೇ ಇಲ್ಲ.

ಆದರೆ ಆ ತಪ್ಪಿನ ಕೆಳಗೆ ಒಂದು ಸಂಗತಿ ನಡೆಯುತ್ತಿತ್ತು. ನೀವು ಬರೆಯುತ್ತಿದ್ದಿರಿ. ಹೌದು, ನೀವೇ, ಇಲ್ಲಿ ಕೂತಿರುವವರು. ಅಂತ್ಯಕ್ರಿಯೆಯ ಸಾಲಿನಲ್ಲಿ ಬಂದು ಕೈ ಕುಲುಕಿ "ನಿಮ್ಮ ಕಷ್ಟಕ್ಕೆ ವಿಷಾದ ಮೇಷ್ಟ್ರೇ" ಎಂದಿಷ್ಟೇ ಹೇಳಿ ತಲೆ ತಗ್ಗಿಸಿ ಹೋದವರು, ಮನೆಗೆ ಹೋಗಿ ಆ ಪುಟದಲ್ಲಿ ಉದ್ದುದ್ದ ಬರೆದಿರಿ. ಕ್ರಿಸ್‌ಮಸ್ ದಿನ ಊಟ ಬಿಟ್ಟೆದ್ದು ಬಂದು ಬಾಯ್ಲರ್ ಸರಿ ಮಾಡಿದ, ಎಂದು ಬರೆದಿರಿ. ಒಬ್ಬ ತಾಯಿ, ನನ್ನ ಮಗಳು ಮನೆಗೆ ಬಂದು ತಾನು ಹೆಣ್ಣನ್ನು ಪ್ರೀತಿಸುತ್ತೇನೆ ಎಂದಾಗ ನಾನು ಹೋಗಿ ಕೇಳಿದ್ದು ಜಾರ್ಲತ್‌ನನ್ನೇ, ‘ಮೊದಲು ಅವಳಿಗೆ ಊಟ ಹಾಕಮ್ಮ’ ಎಂದ, ಎಂದು ಬರೆದಿರಿ. ಬಾಡಿಗೆಯವರು ಎಂದು ಒಬ್ಬರೂ ಬರೆಯಲಿಲ್ಲ. ‘ಮೇಷ್ಟ್ರ ಗಂಡ’ ಎಂದು ಬರೆದಿರಿ. ಇಪ್ಪತ್ತೆಂಟು ವರ್ಷದಲ್ಲಿ ಕೇಳದ ಮಾತು ಸ್ವಾಮೀ, ಇಪ್ಪತ್ತೆಂಟು ವರ್ಷ!

ನಾನು ಅವನ್ನು ಒಂದೇ ಸಲಕ್ಕೆ ಓದಲಿಲ್ಲ. ನೂರಾರು ಇದ್ದವು, ಓದಲು ಆಗುತ್ತಲೂ ಇರಲಿಲ್ಲ. ಬೆಳಗ್ಗೆ ಚಹಾದ ಜೊತೆ ನಾಲ್ಕೋ ಐದೋ. ಸಿಹಿ ಮುಗಿದುಹೋದೀತು ಎಂದು ಮಕ್ಕಳು ಸ್ವಲ್ಪ ಸ್ವಲ್ಪ ಚೀಪುವುದಿಲ್ಲವೇ, ಹಾಗೆ. ಇವತ್ತಿಗೆ ಇಷ್ಟು ಸಾಕು, ನಾಳೆಗೂ ಜಾರ್ಲತ್ ಬೇಕಲ್ಲ ಎಂದು ಫೋನ್ ಮಗುಚಿ ಇಡುತ್ತಿದ್ದೆ.

ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಆ ‘ಹೆಮ್ಮೆ’ಯ ಚಿತ್ರ ತೆಗೆದು ಊರೆಲ್ಲ ಹಂಚಿದ. ‘ಮುದುಕ ಸತ್ತದ್ದಕ್ಕೆ ಹೆಮ್ಮೆಪಟ್ಟ ಸಂಸತ್ ಸದಸ್ಯ’ ಎಂದು ದೇಶವೇ ನಕ್ಕಿತು. ಡಬ್ಲಿನ್‌ನಿಂದ ಪಕ್ಷದ ಕಚೇರಿಯವರು ಫೋನ್ ಮಾಡಿದರು. ಕಾರ್ಮಕ್ ಅಳಿಸಿದ. ಎರಡೂ ಅರ್ಥದಲ್ಲಿ.

ಒಂದಕ್ಷರ ತಿದ್ದಬಹುದಿತ್ತು. ತಿದ್ದಲಿಲ್ಲ. ಕೆಳಗೆ ನೀವು ಬರೆದದ್ದೂ ಸೇರಿ ಎಲ್ಲವನ್ನೂ ತೆಗೆದುಹಾಕಿ, ಕಾಗುಣಿತ ಸರಿಯಾಗಿರುವ, ಸುತ್ತ ಕಾಮನಬಿಲ್ಲಿನ ಅಂಚಿರುವ ಹೊಸದೊಂದನ್ನು ಹಾಕಿದ. ಅದರ ಕೆಳಗೆ ಯಾರು ಬರೆದರು? ಯಾರೂ ಇಲ್ಲ. ಎದೆ ಬಿಚ್ಚಿ ಬರೆದವರು ಅದನ್ನೇ ಇನ್ನೊಮ್ಮೆ ಬರೆಯುತ್ತಾರೆಯೇ? ಒಂದಷ್ಟು ಹೆಬ್ಬೆರಳಿನ ಲೈಕು ಬಿದ್ದವು. ಕಾರ್ಮಕ್ ನಮ್ಮ ಮನೆಗೂ ಬಂದಿದ್ದ, ಟೋಪಿ ಕೈಯಲ್ಲಿ ಹಿಡಿದು. "ಏನೂ ಮಾಡೋಕಾಗಲ್ಲ ಮೇಷ್ಟ್ರೇ, ಹೋದ್ದು ಹೋಯ್ತು. ನನ್ನ ತಪ್ಪು ಜನರ ಕಣ್ಣಿಗೆ ಬೀಳಬಾರ್ದಿತ್ತು ಅಷ್ಟೇ" ಎಂದ. ಅವನ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳುವುದಿಲ್ಲ. ಚಹಾ ಕೊಟ್ಟೆ. ಕುಡಿದು ಹೋದ. ಜಗಳವಾಡಲು ನನ್ನಲ್ಲಿ ಶಕ್ತಿ ಇರಲಿಲ್ಲ, ಈಗಲೂ ಇಲ್ಲ.

ಸಮಾನತೆ ಬಂತೇ ಎಂದು ಈ ಫಲಕ ಕೇಳುತ್ತಿದೆ. ಬಂತು, ಬಂತು. ಕಾನೂನು ಬಂತು, ಉಂಗುರ ಬಂತು, ಮರಣಪತ್ರದಲ್ಲಿ ‘ಪತಿ’ ಎಂದು ಬಂತು. ಪೋಸ್ಟರಿನ ಮೇಲೆ ನಮ್ಮ ಮುಖವೂ ಬಂತು. ಆದರೆ ಸಭಿಕರೇ, ಮುಖ ಬೇಕಾಗುವವರು ಬಹಳ ಜನ ಸಿಗುತ್ತಾರೆ. ನಾನು ದಣಿದಿದ್ದೇನೆ. ಬೈಯುವವರಿಂದ ದಣಿದದ್ದು ಕಡಿಮೆ, ಹೊಗಳಿ ಪಕ್ಕಕ್ಕೆ ನಿಲ್ಲಿಸಿಕೊಳ್ಳುವವರಿಂದ ಹೆಚ್ಚು. ಇವತ್ತಿನ ಈ ಫೋಟೊವನ್ನೂ ಹಾಕುತ್ತಾರೆ. ಹಾಕಲಿ. ನಾಳೆ ಯಾರಾದರೂ ಬೈದರೆ ತೆಗೆಯುತ್ತಾರೆ. ತೆಗೆಯಲಿ. ನನಗೆ ಅದರ ಹಂಗು ಇಲ್ಲ.

ನನಗೆ ಬೇಕಾದ್ದು ಬೇರೆ. ಇಲ್ಲಿಗೆ ನಾನು ಬಂದದ್ದೇ ಅದಕ್ಕೆ, ಫಲಕಕ್ಕಲ್ಲ.

ಎಲ್ಲ ಮಾಯವಾಗುವ ಹಿಂದಿನ ಬೆಳಗ್ಗೆ ನಾನು ಕೊನೆಯದಾಗಿ ಕಂಡ ಮಾತು ಹೀಗೆ ಶುರುವಾಗಿತ್ತು: ‘ಅಮ್ಮ ತೀರ್ಕೊಂಡ ವಾರ ಜಾರ್ಲತ್ ನಮ್ಮ ಅಡುಗೆಮನೆಗೆ ಬಂದಿದ್ರು. ಬಾಯ್ಲರ್ ಕಡೆ ನೋಡ್ಲೇ ಇಲ್ಲ. ಚೀಲ ನೆಲದ ಮೇಲಿಟ್ಟು…’ ಅಷ್ಟೇ. ಆಮೇಲೆ ಚುಕ್ಕಿಗಳು, ‘ಇನ್ನಷ್ಟು ಓದಿ’ ಎಂದು. ಒತ್ತಬೇಕಿತ್ತು. ಚಹಾ ಮುಗಿದಿತ್ತು, ನಾಳೆಗಿರಲಿ ಎಂದುಕೊಂಡೆ. ಹೆಸರಿನ ಜಾಗದಲ್ಲಿ ಯಾವುದೋ ಅಡ್ಡಹೆಸರು, ಮುಖದ ಜಾಗದಲ್ಲಿ ಒಂದು ಕುದುರೆಮರಿ. ಮರುದಿನ ನೋಡಿದರೆ ಕುದುರೆಯೂ ಇಲ್ಲ, ಅಡುಗೆಮನೆಯೂ ಇಲ್ಲ.

ಅದನ್ನು ಬರೆದವರು ಈ ಸಭೆಯಲ್ಲಿರಬಹುದು. ಇಲ್ಲದಿದ್ದರೆ ಆ ಹುಡುಗಿ ಹಿಡಿದಿರುವ ಫೋನಿನಲ್ಲಿ ನೋಡುತ್ತಿರಬಹುದು. ಬಾಯಿ ಬಿಡುವುದು ನಮ್ಮವರಿಗೆ ಎಷ್ಟು ಕಷ್ಟ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೇಳುತ್ತೇನೆ. ಹನ್ನೊಂದು ತಿಂಗಳಿಂದ ನನ್ನ ಗಂಡ ಯಾರದೋ ಅಡುಗೆಮನೆಯಲ್ಲಿ ಚೀಲ ಕೆಳಗಿಟ್ಟು ನಿಂತೇ ಇದ್ದಾನೆ. ಆಮೇಲೆ ಅವನು ಏನು ಮಾಡಿದ?

ತಾಳ್ಮೆಯಿಂದ ಕೇಳಿದ ಎಲ್ಲರಿಗೂ, ಅಧ್ಯಕ್ಷರಿಗೂ, ಕಾರ್ಮಕ್ ನಿನಗೂ ಧನ್ಯವಾದ. ಚಹಾ ಆರುತ್ತಿದೆ. ನಾನು ಆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ. ಎಡಗಿವಿ ಕೇಳಿಸುವುದಿಲ್ಲ, ದಯವಿಟ್ಟು ಬಲಗಡೆಯಿಂದ ಬನ್ನಿ.

ನಮಸ್ಕಾರ.